ಮುಖ ಮುಚ್ಚಿದ ಸೆರಗು

"ಗುರುಗಳೇ, ನನ್ನ ಮಗಳ ಶಾಲೆ ದೊಡ್ಡ ರಸ್ತೆಯ ಆಚೆಗಿದೆ. ಒಬ್ಬಳೇ ನಡೆದು ಹೋಗುತ್ತೇನೆ ಎನ್ನುತ್ತಾಳೆ. ನಾನು ಬಿಡುತ್ತಿಲ್ಲ. ಹೆತ್ತವಳು ಹೆದರುವುದು ತಪ್ಪೇ?" ಎಂದು ಶಿಷ್ಯೆಯೊಬ್ಬಳು ಕೇಳಿದಳು.

ಗುರುಗಳು ಹೇಳಿದರು:

ಒಬ್ಬ ಹೂ ಕಟ್ಟುವವಳಿದ್ದಳು. ಅವಳಿಗೂ ನಿನ್ನದೇ ಹೆದರಿಕೆ. ಪ್ರತಿದಿನ ಮಗಳ ಕೈಹಿಡಿದು ರಸ್ತೆ ದಾಟಿಸುತ್ತಿದ್ದಳು. ಲಾರಿಯ ಸದ್ದು ಕೇಳಿದರೆ ಮಗುವನ್ನು ಸೊಂಟಕ್ಕೆ ಒತ್ತಿಕೊಂಡು, ಅದರ ಮುಖಕ್ಕೆ ಸೆರಗು ಮುಚ್ಚಿ, "ನೋಡಬೇಡ, ಅಲ್ಲಾಡಬೇಡ" ಎನ್ನುತ್ತಿದ್ದಳು. ಲಾರಿ ಹೋದ ಮೇಲೆ ಸೆರಗು ತೆಗೆಯುತ್ತಿದ್ದಳು. ಹೀಗೆ ಮೂರು ವರ್ಷ.

ಪಕ್ಕದ ಮನೆಯವಳ ಮಗಳು ಅದೇ ಶಾಲೆಗೆ ಸೈಕಲ್ಲಿನಲ್ಲಿ ಹೋಗುತ್ತಿದ್ದಳು. ಪಕ್ಕದ ಮನೆಯವಳು ಒಂದು ತಿಂಗಳು ಆ ಸೈಕಲ್ಲಿನ ಹಿಂದೆ ಓಡಿದ್ದಳು. ರಸ್ತೆ ಬಂದರೆ ಇಳಿ, ನಿಲ್ಲು, ಎರಡೂ ಕಡೆ ನೋಡು, ತಳ್ಳಿಕೊಂಡು ದಾಟು ಎಂದು ಬೈದು ಬೈದು ಕಲಿಸಿದ್ದಳು.

ಪಕ್ಕದ ಮನೆಯವಳು ಒಮ್ಮೆ ಹೂ ಕಟ್ಟುವವಳನ್ನು ಕೇಳಿದಳು: "ಏನೇ, ಮದುವೆ ಮಂಟಪಕ್ಕೂ ಮಗಳನ್ನು ಸೆರಗಿನಲ್ಲೇ ಸುತ್ತಿಕೊಂಡು ಹೋಗುತ್ತೀಯಾ?"

"ನನಗಿರುವುದು ಒಂದೇ ಮಗು ಕಣೇ. ನಿನ್ನ ಹಾಗೆ ಬೀದಿಗೆ ಬಿಟ್ಟಿಲ್ಲ," ಎಂದಳು ಹೂ ಕಟ್ಟುವವಳು.

ಒಂದು ದಿನ ಹೂ ಕಟ್ಟುವವಳಿಗೆ ಜ್ವರ. ಮಾತ್ರೆ ನುಂಗಿ ಮಲಗಿದವಳಿಗೆ ಬೆಳಗಾದದ್ದು ತಿಳಿಯಲಿಲ್ಲ. ಮಗು ತಾಯಿಯನ್ನು ಎಬ್ಬಿಸದೆ, ತಾನೇ ಜಡೆ ಹೆಣೆದುಕೊಂಡು ಶಾಲೆಗೆ ಹೊರಟಿತು. ತಾಯಿಗೆ ಎಚ್ಚರವಾದಾಗ ಗೋಡೆಯ ಮೊಳೆಯಲ್ಲಿ ಪುಸ್ತಕದ ಚೀಲ ಇರಲಿಲ್ಲ. ತಾಯಿ ಬರಿಗಾಲಿನಲ್ಲಿ ಓಡಿದಳು.

ಮಗು ನಡುರಸ್ತೆಯಲ್ಲಿತ್ತು. ಲಾರಿ ಬರುತ್ತಿತ್ತು. ಎರಡು ಹೆಜ್ಜೆ ಹಿಂದಕ್ಕೆ ಸರಿದರೆ ಸಾಕಿತ್ತು. ಮಗು ಸರಿಯಲಿಲ್ಲ. ಎರಡೂ ಅಂಗೈಗಳಿಂದ ಮುಖ ಮುಚ್ಚಿಕೊಂಡು, ಅಲ್ಲಾಡದೆ ನಿಂತಿತು. ತಾಯಿ ಆಗಷ್ಟೇ ರಸ್ತೆಯ ಅಂಚಿಗೆ ಬಂದಿದ್ದಳು.

ಲಾರಿ ಅಡ್ಡ ತಿರುಗಿ, ಮಗುವಿನಿಂದ ಒಂದು ಮಾರು ದೂರದಲ್ಲಿ ನಿಂತಿತು. ಡ್ರೈವರ್ ಇಳಿದು ಬಂದ. "ಯಾಕಮ್ಮ ಪುಟ್ಟಿ, ಹಿಂದಕ್ಕೆ ಸರಿಯೋದಲ್ವಾ?" ಎಂದ.

"ಅಮ್ಮ ಹೀಗೇ ನಿಲ್ಲಿಸ್ತಾಳೆ," ಎಂದಿತು ಮಗು, ಮುಖದಿಂದ ಕೈ ತೆಗೆಯದೆ.

ಗುರುಗಳು ಕಥೆಯನ್ನು ಇಲ್ಲಿಗೆ ನಿಲ್ಲಿಸಿದರು. ಶಿಷ್ಯೆ, "ಆಮೇಲೆ ಅವಳು ಮಗುವನ್ನು ಮನೆಯಲ್ಲೇ ಇರಿಸಿಕೊಂಡಳೇ?" ಎಂದು ಕೇಳಿದಳು. ಗುರುಗಳ ಉತ್ತರ ಇಷ್ಟೇ ಆಗಿತ್ತು:

"ಇಲ್ಲ. ಮಾರನೆಯ ಬೆಳಿಗ್ಗೆಯಿಂದ, ರಸ್ತೆಯ ಎರಡೂ ಕಡೆ ನೋಡಿ, ಜೊತೆಗೆ ಬರುವ ತಾಯಿಯನ್ನು ದಾಟಿಸುವ ಕೆಲಸ ಮಗಳದಾಯಿತು."