ನದಿಯಾಚೆಯ ಕಿತ್ತಳೆ ತೋಟ

“ಗುರುಗಳೇ, ತನ್ನ ತಪ್ಪನ್ನು ತಾನೇ ಬಂದು ತಿದ್ದಿಕೊಂಡವನಿಗೂ ದಂಡ ಹಾಕುವುದು ನ್ಯಾಯವೇ?” ಎಂದು ಶಿಷ್ಯ ಮರುಳಯ್ಯ ಕೇಳಿದ. ಗುರುಗಳು ಒಂದು ಕತೆ ಹೇಳಿದರು.

ಒಂದು ರಾಜ್ಯದಲ್ಲಿ ಒಬ್ಬ ಸುಂಕದ ಅಧಿಕಾರಿಯಿದ್ದ. ಅರಸನ ಅಧಿಕಾರಿಗಳೆಲ್ಲ ವರ್ಷಕ್ಕೊಮ್ಮೆ ತಮ್ಮ ಆಸ್ತಿಯನ್ನು ಸಭೆಯ ಮುಂದೆ ಹೇಳಿ ಬರೆಸಬೇಕೆಂಬುದು ಅಲ್ಲಿಯ ಕಟ್ಟಳೆ. ಮುಚ್ಚಿಟ್ಟವನು ಸಿಕ್ಕಿಬಿದ್ದರೆ ಆಸ್ತಿಯೂ ಹೋಗುತ್ತಿತ್ತು, ಅಧಿಕಾರವೂ ಹೋಗುತ್ತಿತ್ತು. ತಾನಾಗಿ ಬಂದು ತಿದ್ದಿದವನಿಗೆ, ಮುಚ್ಚಿಟ್ಟದ್ದರಲ್ಲಿ ಅರ್ಧ ದಂಡ.

ಆ ಅಧಿಕಾರಿಗೆ ಸೋದರಮಾವನಿಂದ ನದಿಯಾಚೆ ಒಂದು ಕಿತ್ತಳೆ ತೋಟ ಬಂತು. ಕದ್ದದ್ದಲ್ಲ, ಲಂಚದ್ದೂ ಅಲ್ಲ. ಆದರೂ ‘ಸುಂಕದವನಿಗೆ ತೋಟ ಎಲ್ಲಿಂದ ಬಂತು’ ಎಂದು ಜನ ಆಡಿಕೊಂಡಾರೆಂದು ಅಂಜಿ ಅವನು ಅದನ್ನು ಬರೆಸಲಿಲ್ಲ. ಮರುವರ್ಷ ಬರೆಸಿದರೆ ಹಿಂದಿನ ವರ್ಷದ ಮಾತು ಏಳುತ್ತದೆಂದು ಮತ್ತೆ ಸುಮ್ಮನಾದ. ತೋಟಕ್ಕೆ ಕಾವಲುಗಾರನನ್ನೂ ತನ್ನ ಗುರುತು ಸಿಗದಂತೆ ಬೇರೆಯವರ ಮೂಲಕ ನೇಮಿಸಿದ.

ತೋಟ ಹೂಬಿಟ್ಟಾಗ ಅದರ ಕಂಪು ನದಿ ದಾಟಿ ಮನೆಯೊಳಗೆ ಬರುತ್ತಿತ್ತು. ಅವನ ತಾಯಿ ನಿದ್ದೆಗಣ್ಣಿನಲ್ಲೇ ಎದ್ದು ಕೂರುತ್ತಿದ್ದಳು.

“ನನ್ನ ತಮ್ಮನ ತೋಟ ಹೂಬಿಟ್ಟಿದೆ ಕಣೋ. ಒಮ್ಮೆ ಕರೆದುಕೊಂಡು ಹೋಗು.”

“ಹೊಳೆಯಲ್ಲಿ ಸೆಳೆತ ಜಾಸ್ತಿಯಿದೆ, ಅವ್ವ” ಎನ್ನುತ್ತಿದ್ದ ಅವನು. ಬೇಸಿಗೆಯಲ್ಲೂ ಅದನ್ನೇ ಎನ್ನುತ್ತಿದ್ದ.

ಒಂದು ಮುಂಜಾನೆ ದಟ್ಟ ಮಂಜು ಕವಿದಿತ್ತು. ಯಾರ ಕಣ್ಣಿಗೂ ಬೀಳೆನೆಂದು ಅವನು ಹರಿಗೋಲಿನಲ್ಲಿ ನದಿ ದಾಟಿದ. ತೋಟದಲ್ಲಿ ಮರಗಳು ಕಾಣಲಿಲ್ಲ. ಹಣ್ಣುಗಳು ಮಾತ್ರ ಬರಿಯ ಗಾಳಿಯಲ್ಲಿ ತೂಗುತ್ತಿದ್ದವು. ಒಂದಕ್ಕೆ ಕೈ ಚಾಚಿದ.

“ಯಾರದು?” ಎಂದ ಕಾವಲುಗಾರ.

“ದಾರಿಹೋಕ” ಎಂದ ಅಧಿಕಾರಿ.

“ಹಾಗಾದರೆ ಬೇಲಿಯಾಚೆ ನಿಲ್ಲಪ್ಪ. ಒಡೆಯರು ಯಾವಾಗ ಬರುತ್ತಾರೋ ತಿಳಿಯದು.”

ಅವನು ಬೇಲಿಯಾಚೆ ಹೋಗಿ ನಿಂತ. ಮಂಜು ಕರಗುವವರೆಗೂ ನಿಂತೇ ಇದ್ದ. ಆ ಒಡೆಯನಿಗಾಗಿ ತಾನೂ ಕಾಯುತ್ತಿರುವಂತೆ ಅವನಿಗನ್ನಿಸಿತು.

ಅಲ್ಲಿಂದ ನೇರವಾಗಿ ಸಭೆಗೆ ಹೋಗಿ ಎಲ್ಲವನ್ನೂ ಹೇಳಿದ. ಸಭೆ ಅವನ ಬರಹವನ್ನು ತಿದ್ದಿಸಿತು. ಅರ್ಧ ತೋಟವನ್ನು ದಂಡವಾಗಿ ತೆಗೆದುಕೊಂಡಿತು. ಜನ ಒಂದಷ್ಟು ಕಾಲ ಆಡಿಕೊಂಡು ಮರೆತರು. ಅವನು ಹಾಡಹಗಲೇ ತಾಯಿಯನ್ನು ಹರಿಗೋಲಿನಲ್ಲಿ ಕೂರಿಸಿಕೊಂಡು ನದಿ ದಾಟಿದ. ಅವಳು ಉಳಿದ ಮರಗಳಲ್ಲಿ ಒಂದಕ್ಕೆ ಒರಗಿ, ಕೈಯಲ್ಲಿ ಹಣ್ಣು ಹಿಡಿದುಕೊಂಡೇ ನಿದ್ದೆಹೋದಳು.

“ಆದರೂ ಅರ್ಧ ತೋಟ ಹೋಯಿತಲ್ಲ, ಗುರುಗಳೇ!” ಎಂದ ಮರುಳಯ್ಯ.

“ಅದಕ್ಕೂ ಮೊದಲು ಅವನದು ಎಷ್ಟಿತ್ತು, ಮರುಳಯ್ಯ?” ಎಂದರು ಗುರುಗಳು.