ಬಿರುಕು ಬಿಟ್ಟ ಕ್ಷೌರದ ಕತ್ತಿ

"ಗುರುಗಳೇ, ಒಂದು ತಪ್ಪು ಯಾರ ಕಣ್ಣಿಗೂ ಬಿದ್ದಿಲ್ಲ, ಅದರಿಂದ ಯಾರಿಗೂ ಕೇಡಾಗಿಲ್ಲ. ಅಂಥದ್ದನ್ನೂ ಬಾಯಿಬಿಟ್ಟು ಹೇಳಲೇಬೇಕೇ?" ಎಂದು ಶಿಷ್ಯ ಮರುಳಸಿದ್ಧ ಕೇಳಿದ.

ಗುರುಗಳು ಅವನ ಮುಖವನ್ನು ಒಂದು ಗಳಿಗೆ ನೋಡಿದರು. "ನೀನು ಕೇಳುವ ಧಾಟಿ ನೋಡಿದರೆ ತಪ್ಪು ಆಗಲೇ ಆಗಿಹೋಗಿದೆ. ಇರಲಿ, ಕೂತುಕೋ" ಎಂದು ಕತೆ ಶುರುಮಾಡಿದರು.

ಒಬ್ಬ ಸಾಣೆಗಾರನಿದ್ದ. ಹಳೆಯ ಕಾಲದ ಕ್ಷೌರದ ಕತ್ತಿಗಳು, ಹಿಡಿಯೊಳಗೆ ಮಡಿಸಿಡುವಂಥವು, ಅವೆಂದರೆ ಅವನಿಗೆ ಪ್ರಾಣ. ಅಂಥ ಕತ್ತಿಗಳನ್ನು ಕೂಡಿಹಾಕುವ ಶೋಕಿಯವರು ತುಕ್ಕು ಹಿಡಿದದ್ದನ್ನು ಅವನಿಗೆ ತಂದುಕೊಡುತ್ತಿದ್ದರು. ಅವನು ಮತ್ತೆ ಹರಿತ ಮಾಡಿ ಒಪ್ಪಿಸುತ್ತಿದ್ದ. ಆ ಕಸುಬಿನಲ್ಲಿ ಒಂದು ಕಟ್ಟಳೆ ಇತ್ತು. ಹದಗೊಂಡ ಕತ್ತಿ ಮೊದಲು ಹೆರೆಯಬೇಕಾದದ್ದು ಸಾಣೆಗಾರನ ಗಡ್ಡವನ್ನೇ. ಒಪ್ಪಿಸುವ ದಿನ ಅವನ ಕೆನ್ನೆ ನುಣ್ಣಗಿದ್ದರೆ ಒಡೆಯ ಮರುಮಾತಾಡದೆ ಕತ್ತಿ ಒಯ್ಯುತ್ತಿದ್ದ. ಬೇರೆ ಸಾಕ್ಷಿ ಯಾರೂ ಕೇಳುತ್ತಿರಲಿಲ್ಲ.

ಒಮ್ಮೆ ಒಬ್ಬ ವರ್ತಕ ತನ್ನ ಸಂಗ್ರಹದಲ್ಲೇ ಅಪರೂಪದ ಕತ್ತಿಯೊಂದನ್ನು ತಂದ. ಅಲಗು ಬಹಳ ತೆಳು. ತುದಿಯ ಹತ್ತಿರ ಒಂದು ತುಕ್ಕಿನ ಚುಕ್ಕೆ. ಚುಕ್ಕೆ ಉಳಿದರೂ ಚಿಂತೆಯಿಲ್ಲ, ಅವಸರ ಬೇಡ ಎಂದು ಹೇಳಿಯೇ ಹೋದ. ಸಾಣೆಗಾರನಿಗೋ ಹೆಸರಿನ ಹುಚ್ಚು. ತನ್ನ ಕೈಯಿಂದ ಹೋಗುವ ಕತ್ತಿಯಲ್ಲಿ ಚುಕ್ಕೆ ಉಳಿಯುವುದುಂಟೇ? ಕಲ್ಲಿನ ಮೇಲೆ ನಿಧಾನವಾಗಿ ಉಜ್ಜಬೇಕಾದದ್ದನ್ನು ತಿರುಗುವ ಚಕ್ರಕ್ಕೆ ಹಿಡಿದ. ತೆಳು ಉಕ್ಕು ಕಾದು ಬಣ್ಣ ತಿರುಗಿತು. ಗಾಬರಿಬಿದ್ದು ತಣ್ಣೀರಿಗೆ ಅದ್ದಿದ. ಟಿಕ್ ಎಂದಿತು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ದೊಡ್ಡವರು ಸುಮ್ಮನೆ ಹೇಳಿಲ್ಲ, ಮರುಳಸಿದ್ಧ.

ಅಂಚಿನ ಮೇಲೆ ಉಗುರು ಎಳೆದು ನೋಡಿದ. ತುದಿಯ ಹತ್ತಿರ ಕೂದಲೆಳೆಯಂಥ ಬಿರುಕು. ಕಣ್ಣಿಗೆ ಕಾಣದು, ಉಗುರಿಗೆ ತಡೆಯುತ್ತದೆ. ಒತ್ತಿ ಎಳೆದರೆ ಅಲ್ಲಿಂದ ಚೂರು ಮುರಿದು ಚರ್ಮ ಸೀಳಬಹುದು, ಸೀಳದೆಯೂ ಇರಬಹುದು. ಹೇಳಿದರೆ ಇಷ್ಟು ವರ್ಷ ಕಟ್ಟಿಕೊಂಡ ಹೆಸರು ಮಣ್ಣುಪಾಲು. ಅವನು ಬಿರುಕಿನ ಮೇಲೆ ಕನ್ನಡಿಯಂಥ ಹೊಳಪು ಕೊಟ್ಟ. ಆಮೇಲೆ ತನ್ನದೇ ಬೇರೊಂದು ಕತ್ತಿಯಿಂದ ಗಡ್ಡ ಹೆರೆದುಕೊಂಡ. ವರ್ತಕ ಹೇಗೂ ಗಾಜಿನ ಪೆಟ್ಟಿಗೆಯಲ್ಲಿಟ್ಟು ನೋಡುವವನು, ಬಿರುಕಿದ್ದರೇನು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ವರ್ತಕ ಬಂದ. ಸಾಣೆಗಾರನ ಕೆನ್ನೆ ನೋಡಿದ, ಕತ್ತಿ ನೋಡಿದ, ಸಂತೋಷದಿಂದ ಅವನ ಕಣ್ಣು ತುಂಬಿತು. "ಇಂಥದ್ದನ್ನು ಪೆಟ್ಟಿಗೆಯಲ್ಲಿಡುವುದು ಪಾಪ, ಸಾಣೆಯವರೇ. ಇದರಲ್ಲೇ, ನಿಮ್ಮ ಕೈಯಿಂದಲೇ ನನಗೂ ಗಡ್ಡ ಹೆರೆಯಿರಿ" ಎಂದು ಶಾಲು ತೆಗೆದಿಟ್ಟು ಕೂತೇಬಿಟ್ಟ.

ಸಾಣೆಗಾರ ನೆಪ ಹುಡುಕತೊಡಗಿದ. ನೀರು ಕಾದಿಲ್ಲ ಎಂದ. ತಣ್ಣೀರೇ ಸಾಕು ಎಂದ ವರ್ತಕ. ಬೆಳಕು ಸಾಲದು ಎಂದ. ನಿಮ್ಮ ಕೈಗೆ ಬೆಳಕು ಯಾಕೆ ಬೇಕು ಎಂದು ವರ್ತಕ ನಕ್ಕು ಕಣ್ಣು ಮುಚ್ಚಿದ. ಸಾಣೆಗಾರನಿಗೆ ಬಿಸಿ ತುಪ್ಪ ಬಾಯಿಗೆ ಬಿದ್ದಂತಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ.

ನೊರೆ ಹಚ್ಚಿದ. ಬಿರುಕು ತಾಗದಂತೆ ಅಲಗಿನ ಬುಡದಿಂದಲೇ ಎಳೆದ. ಬಲಗೆನ್ನೆ ಮುಗಿಯಿತು. ಎಡಗೆನ್ನೆಯೂ ಮುಗಿಯಿತು. ಒಂದು ಗೀರೂ ಬೀಳಲಿಲ್ಲ. ಉಳಿದದ್ದು ಗಂಟಲು. ಗದ್ದದ ಸಂದಿಗೆ ಬುಡ ನಿಲುಕದು, ಅಲ್ಲಿಗೆ ತುದಿಯೇ ಬೇಕು. ವರ್ತಕ ಹೇಳಿಸಿಕೊಳ್ಳದೆಯೇ ತಲೆ ಹಿಂದಕ್ಕೆ ಚೆಲ್ಲಿ ಕತ್ತೊಡ್ಡಿದ. ಚರ್ಮದ ಕೆಳಗೆ ನರ ಮಿಡಿಯುವುದು ಕಾಣುತ್ತಿತ್ತು. ಸಾಣೆಗಾರ ಅಲಗನ್ನು ಅದರ ಹತ್ತಿರ ತಂದ. ಕೈ ಮುಂದಕ್ಕೆ ಹೋಗಲಿಲ್ಲ.

"ಯಾಕೆ ನಿಲ್ಲಿಸಿದಿರಿ?" ಕಣ್ಣು ತೆರೆಯದೆ ವರ್ತಕ ಕೇಳಿದ.

"ಏಳಿ ಸ್ವಾಮಿ. ಈ ಅಲಗು ಬಿರುಕು ಬಿಟ್ಟಿದೆ, ನನ್ನ ಕೈಯಿಂದಲೇ ಬಿಟ್ಟಿದೆ. ನನ್ನ ಗಡ್ಡ ಹೆರೆದದ್ದು ಬೇರೆ ಕತ್ತಿ."

ವರ್ತಕ ಗದ್ದದ ಕೆಳಗಿನ ನೊರೆ ಒರೆಸದೆಯೇ ಎದ್ದ. ಗಂಟಲು ಸವರಿಕೊಂಡ. ಕತ್ತಿ ಎತ್ತಿಕೊಂಡು ಹೋದ. ಆಮೇಲೆ ಶೋಕಿಯವರು ಯಾರೂ ಆ ಸಾಣೆಗಾರನ ಹೊಸ್ತಿಲು ತುಳಿಯಲಿಲ್ಲ.

ಗುರುಗಳು ಕತೆಯನ್ನು ಇಲ್ಲಿಗೆ ಮುಗಿಸಿದರು. ಮರುಳಸಿದ್ಧನಿಗೆ ತಡೆಯಲಾಗಲಿಲ್ಲ. "ಅಲ್ಲ ಗುರುಗಳೇ, ಅಷ್ಟರವರೆಗೆ ಒಂದು ಗೀರೂ ಬಿದ್ದಿರಲಿಲ್ಲ. ಇನ್ನೊಂದು ಗಳಿಗೆ ಬಾಯಿ ಮುಚ್ಚಿಕೊಂಡಿದ್ದರೆ ಹೆಸರೂ ಉಳಿಯುತ್ತಿತ್ತೇನೋ. ಹೇಳಿ ಅವನು ಗಳಿಸಿದ್ದೇನು?"

"ಅವನ ಮಾತು ಬಿಡು, ನಿನ್ನೆದುರು ಕಣ್ಣು ಮುಚ್ಚಿ ಕತ್ತೊಡ್ಡಿ ಕೂತಿರುವವರು ಯಾರು, ಅದನ್ನು ಹೇಳು" ಎಂದರು ಗುರುಗಳು.