ಕಂಪ್ಯೂಟರಿಗೆ ಹಾಕಿದ ಹಾರ

ಮಗುವಿನ ತೊಟ್ಟಿಲಿರುವ ಕೋಣೆಯಲ್ಲೇ ಕೆಲಸಕ್ಕೂ ಆಟಕ್ಕೂ ಆಗುವಂತೆ ಮೇದಿನಿ ತಾನೇ ಒಂದು ಕಂಪ್ಯೂಟರ್ ಜೋಡಿಸಿದಳು. ತೆರೆಯ ಮೇಲೆ ಚಿತ್ರಗಳು ಸರಾಗವಾಗಿ ಓಡಲೆಂದು ದೊಡ್ಡ ಗ್ರಾಫಿಕ್ಸ್ ಕಾರ್ಡ್ ಆರಿಸಿದಳು. ಸದ್ದಾಗದಿರಲೆಂದು ನಿಧಾನವಾಗಿ ತಿರುಗುವ ಅಗಲವಾದ ಫ್ಯಾನ್ ಆರಿಸಿದಳು.

"ನಾನು ತೆರೆಯ ಮೇಲೆ ಯುದ್ಧಗಳನ್ನೇ ನಡೆಸುತ್ತೇನೆ. ನೀನು ಇಲ್ಲಿ ಮಾಡುವುದೇನು?" ಎಂದು ಕಾರ್ಡ್ ಕೇಳಿತು.

"ತಿರುಗುತ್ತೇನೆ," ಎಂದಿತು ಫ್ಯಾನ್.

ಆಯುಧಪೂಜೆ ಬಂತು. ಮೇದಿನಿ ಕಂಪ್ಯೂಟರಿನ ಪಕ್ಕದ ಗಾಜಿನ ಮೇಲೆ, ಒಳಗೆ ಹೊಳೆಯುವ ಕಾರ್ಡಿನ ನೇರಕ್ಕೆ ಕುಂಕುಮವಿಟ್ಟು, ಕಂಪ್ಯೂಟರಿನ ಮುಂಭಾಗಕ್ಕೆ ದಪ್ಪನೆಯ ಚೆಂಡುಹೂವಿನ ಹಾರ ಹಾಕಿದಳು. ಬಾಡುವ ಮುಂಚೆ ತೆಗೆಯಲು ಮನಸ್ಸಾಗದೆ ಮರುದಿನ ಹಾಗೆಯೇ ಕೆಲಸಕ್ಕೆ ಕುಳಿತಳು. ಗಾಳಿ ಬರುವ ಕಿಂಡಿಗಳೆಲ್ಲ ಹೂವಿನಡಿ ಮುಚ್ಚಿಹೋಗಿದ್ದವು.

ಸ್ವಲ್ಪ ಹೊತ್ತಿಗೆ ಕಾರ್ಡ್ ಕಾದು ಕೆಂಡವಾಯಿತು. "ಅಯ್ಯಾ, ಉಸಿರು ಕಟ್ಟುತ್ತಿದೆ," ಎಂದಿತು. ಫ್ಯಾನ್ ಇದ್ದ ಬಲವನ್ನೆಲ್ಲ ಹಾಕಿ ತಿರುಗಿತು. ಅಲ್ಲಿಗೆ ಬಂದ ಮೇಲೆ ಮೊದಲ ಬಾರಿ ಗರ್ಜಿಸಿತು. ಮಗು ಎಚ್ಚೆತ್ತು ಅತ್ತಿತು. ಮೇದಿನಿ ಗಾಬರಿಯಿಂದ ಗರ್ಜನೆ ಬಂದ ಕಡೆ ನೋಡಿ, ಕಿಂಡಿಗಳನ್ನು ಮುಚ್ಚಿದ್ದ ಹಾರವನ್ನು ತೆಗೆದು ತೊಟ್ಟಿಲಿಗೆ ಕಟ್ಟಿ, ಮಗುವನ್ನು ತೂಗಿ ಮಲಗಿಸಿದಳು.

ಗಾಳಿ ಒಳಗೆ ಬಂತು. ಕಾರ್ಡ್ ತಣ್ಣಗಾಯಿತು. ಫ್ಯಾನ್ ಮತ್ತೆ ಮೊದಲಿನಂತೆ ನಿಧಾನವಾಗಿ ತಿರುಗತೊಡಗಿತು.

"ನೀನು ಸುಮ್ಮನೆ ಕೂತಿದ್ದೀಯೆಂದೇ ತಿಳಿದಿದ್ದೆ. ಇಷ್ಟು ದಿನವೂ ನನ್ನನ್ನು ಉಳಿಸುತ್ತಿದ್ದವನು ನೀನು. ಆ ಕುಂಕುಮ ನಿನಗೆ ಸಲ್ಲಬೇಕಿತ್ತು. ಈ ಉಪಕಾರವನ್ನು ಎಂದೂ ಮರೆಯಲಾರೆ," ಎಂದು ಕಾರ್ಡ್ ದೊಡ್ಡ ದನಿಯಲ್ಲಿ ಹೇಳಿತು.

"ಮೆಲ್ಲಗೆ ಹೇಳಯ್ಯಾ," ಎಂದಿತು ಫ್ಯಾನ್. "ಮಗು ಈಗಷ್ಟೇ ಮಲಗಿದೆ."